ಏಳು ಮೀನು ಒಂದಾದ ಕಥೆ

ಮಕ್ಕಳೇ, ನಮ್ಮ ಮನೆಯ ಚಾವಡಿಯಲ್ಲಿ ಒಂದು ಗಾಜಿನ ತೊಟ್ಟಿ ಉಂಟು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂದು ನೀವೇ ಲೆಕ್ಕ ಹಾಕಿ ನೋಡಿ. ಒಂದು ಘನ ಅಡಿ ಎಂದರೆ ಸುಮಾರು 28.3 ಲೀಟರ್. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಒಳಗಿನ ಮರಳು, ಮಡಕೆ ಚೂರುಗಳನ್ನು ಕಳೆದರೆ 200 ಲೀಟರ್ ಅಂತ ಇಟ್ಟುಕೊಳ್ಳಿ. ಬಾವಿ ನೀರಲ್ಲ, ಸಮುದ್ರದಷ್ಟೇ ಉಪ್ಪಾದ ನೀರು.

ಮೂರು ವರ್ಷದ ಹಿಂದೆ ಅದರಲ್ಲಿ ಏಳು ಮೀನು ಬಿಟ್ಟಿದ್ದೆ. ಈಗ ಒಂದೇ ಒಂದು ಉಳಿದಿದೆ. ಕಳೆದ ರಜೆಯಲ್ಲಿ ಮನೆಗೆ ಬಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು, "ಸರ್, ಇದು ಹಿಂಡಿನಲ್ಲಿ ಇರುವ ಮೀನು ಅಂತ ನೀವೇ ಹೇಳಿದ್ದಲ್ವಾ? ಮತ್ತೆ ಒಂದೇ ಯಾಕೆ?" ಎಂದು ಕೇಳಿದಳು. ಏನೋ ಹೇಳಿ ಮಾತು ಹಾರಿಸಿದೆ. ಅವಳಿಗೆ ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೂ ಉಂಟು.

ಆ ಮೀನಿನ ಹೆಸರು ಹಸಿರು ಕ್ರೋಮಿಸ್. ವಿಜ್ಞಾನಿಗಳು ಕರೆಯುವುದು ಕ್ರೋಮಿಸ್ ವಿರಿಡಿಸ್ ಎಂದು. ನಿಮ್ಮ ಹೆಬ್ಬೆರಳಿನಷ್ಟು ಉದ್ದದ್ದನ್ನು ಅಂಗಡಿಯಲ್ಲಿ ಮಾರುತ್ತಾರೆ. ಪೂರ್ತಿ ಬೆಳೆದರೂ ಒಂದು ಗೇಣಿಗಿಂತ ಚಿಕ್ಕದೇ. ಬಣ್ಣ ಹೇಳುವುದು ಕಷ್ಟ. ಒಂದು ಕಡೆಯಿಂದ ನೋಡಿದರೆ ಎಳೆ ಬಾಳೆಲೆಯ ಹಸಿರು, ಸ್ವಲ್ಪ ತಿರುಗಿದರೆ ನೀಲಿ. ಸಮುದ್ರದ ಅಕ್ವೇರಿಯಂ ಇಡಲು ಹೊರಟವರಿಗೆ ಅಂಗಡಿಯವರು ಮೊದಲು ತೋರಿಸುವ ಮೀನುಗಳಲ್ಲಿ ಇದೂ ಒಂದು. "ಶಾಂತ ಸ್ವಭಾವ, ಗುಂಪಿನಲ್ಲಿ ಇರುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ" ಎಂಬ ಮಾತೂ ಜೊತೆಗೇ ಬರುತ್ತದೆ. ನನಗೂ ಹಾಗೇ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಸಮುದ್ರದಲ್ಲಿ ಅದು ನಿಜವೇ.

ಈ ಮೀನು ಕೆಂಪು ಸಮುದ್ರದಿಂದ ಹಿಡಿದು ಶಾಂತಸಾಗರದ ನಡುವಿನ ದ್ವೀಪಗಳವರೆಗೆ, ಹವಳ ಇದ್ದಲ್ಲಿ ಬದುಕುತ್ತದೆ. ನಮಗೆ ಹತ್ತಿರವೆಂದರೆ ಲಕ್ಷದ್ವೀಪ. ಕಾಸರಗೋಡಿನ ಮಕ್ಕಳಿಗೆ ಒಂದು ಸಂಗತಿ ಗೊತ್ತಿರಲಿ. 1956ರವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳೂ ಅದೇ ಜಿಲ್ಲೆಯಲ್ಲಿದ್ದವು. ಅಂದರೆ ಹವಳದ ದಿಬ್ಬ ಒಂದು ಕಾಲದಲ್ಲಿ ನಮ್ಮದೇ ಜಿಲ್ಲೆಯ ಆಸ್ತಿ! ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ತಾಳವಾಡಿಯ ಮಕ್ಕಳಲ್ಲಿ ಹಲವರು ಇನ್ನೂ ಸಮುದ್ರವನ್ನೇ ನೋಡಿರಲಿಕ್ಕಿಲ್ಲ. ಚಿಂತೆ ಇಲ್ಲ, ಕಣ್ಣು ಮುಚ್ಚಿ ನನ್ನ ಜೊತೆ ಬನ್ನಿ.

ತಿಳಿನೀರು. ಎರಡಾಳು ಆಳದಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ. ಅದರ ಮೇಲೆ ಒಂದು ಮಾರು ಎತ್ತರದಲ್ಲಿ ಹಸಿರು ಕ್ರೋಮಿಸ್‌ಗಳ ಮೋಡ. ಹತ್ತಲ್ಲ, ಇಪ್ಪತ್ತಲ್ಲ, ನೂರಾರು. ಎಲ್ಲವೂ ನೀರಿನ ಸೆಳೆತಕ್ಕೆ ಮುಖ ಕೊಟ್ಟು, ತೇಲಿ ಬರುವ ಸಣ್ಣ ಸಣ್ಣ ಪ್ಲಾಂಕ್ಟನ್ ಜೀವಿಗಳನ್ನು ಹೆಕ್ಕಿ ತಿನ್ನುತ್ತಿವೆ. ದೊಡ್ಡ ಮೀನಿನ ನೆರಳು ಬಿತ್ತು ಅನ್ನಿ, ಆ ಇಡೀ ಮೋಡ ಕಣ್ಣು ಮಿಟುಕಿಸುವಷ್ಟರಲ್ಲಿ ಹವಳದ ಕೊಂಬೆಗಳ ಸಂದಿಗೆ ಇಳಿದು ಮಾಯ. ನೆರಳು ದಾಟಿದ ಮೇಲೆ ಒಂದೊಂದಾಗಿ ಮತ್ತೆ ಮೇಲೆ.

ರಾತ್ರಿ ಮಲಗುವುದೂ ಅದೇ ಕೊಂಬೆಗಳ ನಡುವೆ. ಮಲಗಿದಾಗಲೂ ಇವು ಈಜುರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಯಾಕಿರಬಹುದು? ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ. ಹಗಲು ಅವು ದ್ಯುತಿಸಂಶ್ಲೇಷಣೆ ಮಾಡಿ ಆಮ್ಲಜನಕ ಕೊಡುತ್ತವೆ. ರಾತ್ರಿ ಅದು ನಿಂತುಹೋಗುತ್ತದೆ, ಆದರೆ ಉಸಿರಾಟ ನಿಲ್ಲುವುದಿಲ್ಲವಲ್ಲ! ಗಾಳಿಯಾಡದ ಕೋಣೆಯಂತೆ ಕೊಂಬೆಗಳ ನಡುವಿನ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಮಲಗಿದ ಮೀನುಗಳು ಬೀಸಣಿಗೆ ಬೀಸಿದಂತೆ ರೆಕ್ಕೆ ಆಡಿಸಿ ಹೊರಗಿನ ನೀರನ್ನು ಒಳಗೆ ತರುತ್ತವೆ. ಕೆಂಪು ಸಮುದ್ರದಲ್ಲಿ ಇದನ್ನು ಅಳೆದು ನೋಡಿದ ವಿಜ್ಞಾನಿಗಳ ಲೇಖನ 2004ರಲ್ಲಿ ಪ್ರಕಟವಾಯಿತು. ಮೀನಿನಿಂದ ಹೊರಬರುವ ಅಮೋನಿಯಾ ಹವಳಕ್ಕೆ ಗೊಬ್ಬರ. ಮನೆ ಕೊಟ್ಟವರಿಗೆ ಬಾಡಿಗೆ ಸಂದಾಯವಾಯಿತು.

ಇನ್ನು ಹಿಂಡಿನ ವಿಷಯಕ್ಕೆ ಬರೋಣ. ಮೀನು ಹಿಂಡು ಕಟ್ಟುವುದು ಯಾಕೆ? ತರಗತಿಯಲ್ಲಿ ಕೇಳಿದರೆ ನೀವೆಲ್ಲ ಒಂದೇ ಸ್ವರದಲ್ಲಿ "ಒಗ್ಗಟ್ಟಿನಲ್ಲಿ ಬಲವಿದೆ ಸರ್" ಅನ್ನುತ್ತೀರಿ. ಕೇಳಲಿಕ್ಕೆ ಚಂದ. ಆದರೆ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಅನುಮಾನ ಬರಬೇಕು. ಬೂತಾಯಿ, ಬಂಗುಡೆ ರಾಶಿ ರಾಶಿಯಾಗಿ ಸಿಗುವುದು ಅವು ಹಿಂಡಿನಲ್ಲಿ ಇರುವುದರಿಂದಲೇ. ಬಲೆಯ ಮುಂದೆ ಒಗ್ಗಟ್ಟು ಕೆಲಸಕ್ಕೆ ಬರಲಿಲ್ಲ!

1971ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಇದಕ್ಕೆ ಒಂದು ಲೆಕ್ಕ ಬರೆದರು. ಒಂದು ದುಂಡಗಿನ ಕೆರೆ. ದಡದ ಸುತ್ತ ಕಪ್ಪೆಗಳು ಕೂತಿವೆ. ಕೆರೆಯೊಳಗೆ ಒಂದು ಹಾವು. ಅದು ಎಲ್ಲಿ ತಲೆ ಎತ್ತುತ್ತದೋ ಅಲ್ಲಿಗೆ ಅತಿ ಹತ್ತಿರದ ಕಪ್ಪೆ ಅದರ ಬಾಯಿಗೆ. ಈಗ ನೀವೊಂದು ಕಪ್ಪೆ ಅಂದುಕೊಳ್ಳಿ. ನಿಮ್ಮ ಎಡಗಡೆ, ಬಲಗಡೆ ತುಂಬ ಜಾಗ ಖಾಲಿ ಇದ್ದರೆ ಹಾವಿಗೆ ನೀವೇ ಹತ್ತಿರವಾಗುವ ಸಂಭವ ಹೆಚ್ಚು. ಹಾಗಾಗಿ ನೀವು ಹಾರಿ ಇಬ್ಬರ ನಡುವೆ ಕೂರುತ್ತೀರಿ. ನಿಮ್ಮ ಪಕ್ಕದವನೂ ಅದನ್ನೇ ಮಾಡುತ್ತಾನೆ. ಹತ್ತು ಸಲ ಹೀಗೆ ಹಾರಿದ ಮೇಲೆ ನೋಡಿದರೆ ಎಲ್ಲ ಕಪ್ಪೆಗಳೂ ಒಂದೆರಡು ಕಡೆ ಗುಡ್ಡೆ! ಯಾರಿಗೂ ಯಾರ ಮೇಲೂ ಪ್ರೀತಿ ಇಲ್ಲ. ತಿನ್ನುವುದಾದರೆ ಪಕ್ಕದವನನ್ನು ತಿನ್ನಲಿ ಎಂಬುದಷ್ಟೇ ಪ್ರತಿಯೊಬ್ಬನ ಲೆಕ್ಕ. ಇದಕ್ಕೆ ಹ್ಯಾಮಿಲ್ಟನ್ ಇಟ್ಟ ಹೆಸರು ಸ್ವಾರ್ಥಿಗಳ ಹಿಂಡು. (ಆಟದ ಬಯಲಿನಲ್ಲಿ ಇದನ್ನು ಆಡಿ ನೋಡಬಹುದು. ಹಾವಾಗುವವನಿಗೆ ಕಣ್ಣು ಕಟ್ಟಿ.)

ಹಿಂಡಿನಿಂದ ಇನ್ನೊಂದು ಲಾಭ ಉಂಟು. ನಿಮ್ಮ ಗೆಳೆಯನಿಗೆ ಒಂದು ಚೆಂಡು ಎಸೆಯಿರಿ, ಹಿಡಿಯುತ್ತಾನೆ. ಒಟ್ಟಿಗೇ ನಾಲ್ಕು ಎಸೆದರೆ ಹೆಚ್ಚಿನ ಸಲ ಒಂದನ್ನೂ ಹಿಡಿಯುವುದಿಲ್ಲ, ಯಾವುದನ್ನು ನೋಡುವುದೆಂದು ಅವನ ಕಣ್ಣಿಗೇ ಗಲಿಬಿಲಿ. ಬೇಟೆಯಾಡುವ ಮೀನಿನ ಪಾಡೂ ಅದೇ.

ಹಾಗಾದರೆ ನೂರು ಮೀನು ಒಂದಕ್ಕೊಂದು ತಾಗದೆ ಒಂದೇ ಸಲ ತಿರುಗುವುದು ಹೇಗೆ? ಮುಂದಾಳು ಯಾರೂ ಇಲ್ಲ. ಪ್ರತಿ ಮೀನಿನ ಪಕ್ಕೆಯಲ್ಲಿ ಪಾರ್ಶ್ವರೇಖೆ ಎಂಬ ಅಂಗ ಇದೆ. ಬಂಗುಡೆಯನ್ನೋ ಕಾಟ್ಲಾವನ್ನೋ ಅಡುಗೆಮನೆಯಲ್ಲಿ ಸ್ವಚ್ಛ ಮಾಡುವಾಗ ಕಿವಿರಿನ ಹಿಂದಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದೆ, ನೋಡಿ, ಅದೇ. ನೀರಿನ ಸಣ್ಣ ಅಲುಗಾಟವೂ ಅದಕ್ಕೆ ಗೊತ್ತಾಗುತ್ತದೆ. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೀನಿನ ಕಣ್ಣಿಗೆ ತಾತ್ಕಾಲಿಕ ಮುಚ್ಚಳ ಹಾಕಿ ಹಿಂಡಿಗೆ ಬಿಟ್ಟರು. ಕಣ್ಣು ಕಾಣದ ಮೀನು ಹಿಂಡಿನ ಜೊತೆಗೇ ಈಜಿತು! ಕ್ರೇಗ್ ರೆನಾಲ್ಡ್ಸ್ ಎಂಬ ಕಂಪ್ಯೂಟರ್ ತಜ್ಞರು 1987ರಲ್ಲಿ ಮೂರೇ ನಿಯಮಗಳಿಂದ ಪರದೆಯ ಮೇಲೆ ಹಿಂಡನ್ನು ಹುಟ್ಟಿಸಿ ತೋರಿಸಿದರು. ಪಕ್ಕದವನಿಗೆ ಡಿಕ್ಕಿ ಹೊಡೆಯಬೇಡ. ಪಕ್ಕದವರು ಹೋಗುವ ದಿಕ್ಕಿಗೆ ಹೋಗು. ಪಕ್ಕದವರ ಗುಂಪಿನಿಂದ ದೂರವಾಗಬೇಡ. ಇಷ್ಟೇ.

ಅಂದಹಾಗೆ ಇಂಗ್ಲಿಷಿನಲ್ಲಿ ಮೀನಿನ ಹಿಂಡಿಗೂ 'ಸ್ಕೂಲ್' ಅನ್ನುತ್ತಾರೆ. ನಾವು ದಿನಾ ಹೋಗುವ ಸ್ಕೂಲಿಗೂ ಅದಕ್ಕೂ ನಂಟಿಲ್ಲ. ಮೀನಿನ ಸ್ಕೂಲ್ ಡಚ್ ಭಾಷೆಯಿಂದ ಬಂದದ್ದು, ನಮ್ಮ ಸ್ಕೂಲ್ ಗ್ರೀಕಿನಿಂದ.

ಹಿಂಡಿನಲ್ಲಿ ಇರುವುದಕ್ಕೆ ಬೆಲೆಯೂ ಉಂಟು. ಸಿಕ್ಕಿದ ಆಹಾರಕ್ಕೆ ಹತ್ತು ಬಾಯಿ. ಹಾಗಾದರೆ ಭಯವೇ ಇಲ್ಲದ ಕಡೆ ಹಿಂಡು ಏನಾಗುತ್ತದೆ? ಇದಕ್ಕೆ ಚಂದದ ಉತ್ತರ ಸಿಕ್ಕಿದ್ದು ಗಪ್ಪಿ ಮೀನಿನಿಂದ. ಸೊಳ್ಳೆಮರಿ ತಿನ್ನಲಿ ಎಂದು ನಮ್ಮ ಬಾವಿ, ಚರಂಡಿಗಳಿಗೆ ಬಿಡುತ್ತಾರಲ್ಲ, ಅದೇ ಗಪ್ಪಿ. ಅದರ ಮೂಲ ಊರುಗಳಲ್ಲಿ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ಕೂಡ ಒಂದು. ಅಲ್ಲಿನ ತೊರೆಗಳಲ್ಲಿ ಜಲಪಾತದ ಕೆಳಗೆ ಗಪ್ಪಿ ತಿನ್ನುವ ದೊಡ್ಡ ಮೀನುಗಳಿವೆ. ಜಲಪಾತ ಹತ್ತಿ ಮೇಲೆ ಬರಲು ಅವಕ್ಕೆ ಆಗುವುದಿಲ್ಲ. ಬೆನೋನಿ ಸೆಗರ್ಸ್ ಎಂಬ ವಿಜ್ಞಾನಿ ಇಂಥ ತೊರೆಗಳ ಗಪ್ಪಿಗಳನ್ನು ಹೋಲಿಸಿ 1974ರಲ್ಲಿ ಬರೆದರು: ಶತ್ರು ಹೆಚ್ಚಿರುವ ನೀರಿನ ಗಪ್ಪಿಗಳು ಒತ್ತಾಗಿ ಹಿಂಡು ಕಟ್ಟುತ್ತವೆ, ಶತ್ರು ಕಡಿಮೆ ಇರುವ ನೀರಿನವು ಚದುರಿ ಬದುಕುತ್ತವೆ. ಜಾತಿ ಒಂದೇ, ಮೀನೂ ಅದೇ.

ಈಗ ನನ್ನ ತೊಟ್ಟಿಗೆ ಬನ್ನಿ.

ಮೊದಲು ನೀರು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. 200 ಲೀಟರಿಗೆ 7 ಕಿಲೋ. ಅಡುಗೆಮನೆಯ ಕಲ್ಲುಪ್ಪು ಸಾಕಾಗದು. ಅದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನ ಲೀಟರಿನಲ್ಲಿ ಸುಮಾರು 1300 ಮಿಲಿಗ್ರಾಂ ಮೆಗ್ನೀಸಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ ಇನ್ನೂ ಏನೇನೋ ಉಂಟು. ಅದಕ್ಕೆಂದೇ ತಯಾರಿಸಿದ ಲವಣದ ಪುಡಿ ಸಿಗುತ್ತದೆ. ಅದನ್ನು ಕರಗಿಸಿದರೆ ಸೊಲ್ಲಾಪುರದಲ್ಲೂ ಸಮುದ್ರದ ನೀರು ತಯಾರು. ಮೀನು ಬಿಡುವ ಮುಂಚೆ ಒಂದೂವರೆ ತಿಂಗಳು ತೊಟ್ಟಿಯನ್ನು ಖಾಲಿ ಓಡಿಸಿದೆ. ಮೀನಿನ ಕೊಳೆಯಿಂದ ಬರುವ ಅಮೋನಿಯಾ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಮರಳಿನಲ್ಲಿ, ಫಿಲ್ಟರಿನಲ್ಲಿ ನೆಲೆಯೂರಲು ಅಷ್ಟು ಸಮಯ ಬೇಕು. ಶಾಲೆಯಲ್ಲಿ ಸಾರಜನಕ ಚಕ್ರದ ಚಿತ್ರ ಬಿಡಿಸುತ್ತೀರಲ್ಲ, ಬಾಣದ ಗುರುತು ಹಾಕಿ? ಆ ಬಾಣಗಳಲ್ಲಿ ಒಂದು ತುಂಡಾದರೆ ಇಲ್ಲಿ ಮೀನು ಸಾಯುತ್ತದೆ.

ಇಷ್ಟೆಲ್ಲ ಸರಿ ಮಾಡಿದವನು ಒಂದು ಸುಲಭದ ಲೆಕ್ಕದಲ್ಲಿ ಬಿದ್ದೆ. ಸೆಕೆಗಾಲದಲ್ಲಿ ತೊಟ್ಟಿಯ ನೀರು ಆವಿಯಾಗಿ ಕೆಳಗಿಳಿಯಿತು. ನಾನು ಅದಕ್ಕೆ ಉಪ್ಪುನೀರನ್ನೇ ತುಂಬಿಸಿದೆ! ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಇರುತ್ತದೆ. 200 ಲೀಟರಿನಲ್ಲಿ 20 ಲೀಟರ್ ಆವಿಯಾದರೆ ಲೀಟರಿಗೆ 35 ಗ್ರಾಂ ಇದ್ದದ್ದು ಸುಮಾರು 39 ಆಗುತ್ತದೆ. ಮೇಲಿಂದ ಉಪ್ಪುನೀರು ಹೊಯ್ದರೆ ಅದು ಇಳಿಯುವುದು ಹೇಗೆ? ಸಿಹಿನೀರೇ ಹಾಕಬೇಕು. ಎಂಟನೇ ತರಗತಿಗೆ ಆವೀಕರಣ ಪಾಠ ಮಾಡುವ ಮೇಷ್ಟ್ರು ಮನೆಯಲ್ಲಿ ಮಾಡಿದ ಕೆಲಸ ಇದು. ಅಳತೆಯ ಉಪಕರಣ ನೋಡಿ ತಿದ್ದಿಕೊಂಡೆ, ಮೀನು ಬದುಕಿದವು.

ಮೊದಲ ವಾರ ಆ ಏಳು ಮೀನುಗಳ ಚಂದ ಏನು ಹೇಳಲಿ! ಒಂದೇ ಮೈ ಎಂಬಂತೆ ಈ ತುದಿಯಿಂದ ಆ ತುದಿಗೆ. ಮನೆಗೆ ಬಂದವರೆಲ್ಲ ಕಾಫಿ ಆರಿಹೋದರೂ ನೋಡುತ್ತ ಕೂತರು. "ಎಷ್ಟು ಹೊಂದಾಣಿಕೆ ಮಾರಾಯ್ರೇ, ಮನುಷ್ಯರಿಗೆ ಇಲ್ಲ" ಎಂದರು ನಮ್ಮ ಭಾವ. ನಾನೂ ಹಿಗ್ಗಿದೆ. ನಾವು ಕೂತು ಮೆಚ್ಚಿದ್ದು ಅವುಗಳ ಹೆದರಿಕೆಯನ್ನು ಎಂದು ಆಗ ಹೊಳೆಯಲಿಲ್ಲ. ಹೊಸ ಜಾಗ, ಹೊಸ ಬೆಳಕು, ಗಾಜಿನಾಚೆ ದೊಡ್ಡ ದೊಡ್ಡ ಮುಖಗಳು. ಹಿಂಡು ಕಟ್ಟದೆ ಏನು ಮಾಡಿಯಾವು?

ಮೂರನೇ ವಾರಕ್ಕೆ ಹಿಂಡು ಸಡಿಲವಾಯಿತು. ಇಲ್ಲಿ ತಿನ್ನುವವರಿಲ್ಲ ಎಂದು ಅವಕ್ಕೆ ತಿಳಿಯಿತು. ಅಲ್ಲಿಗೆ ಕಪ್ಪೆಗಳ ಲೆಕ್ಕ ಮುಗಿಯಿತು, ಇನ್ನೊಂದು ಲೆಕ್ಕ ಶುರುವಾಯಿತು: ಯಾರು ದೊಡ್ಡವರು? ಕ್ರೋಮಿಸ್ ಸೇರಿರುವ ಡ್ಯಾಮ್ಸೆಲ್ ಮೀನುಗಳ ಕುಟುಂಬದಲ್ಲಿ ಗಾತ್ರಕ್ಕೆ ತಕ್ಕ ಮೇಲು-ಕೀಳು ಸಾಮಾನ್ಯ. ದೊಡ್ಡದು ಅದಕ್ಕಿಂತ ಚಿಕ್ಕದನ್ನು ಅಟ್ಟುತ್ತದೆ, ಅದು ಮತ್ತೂ ಚಿಕ್ಕದನ್ನು. ಕೊನೆಯದಕ್ಕೆ ಅಟ್ಟಲು ಯಾರೂ ಇಲ್ಲ. ಸಮುದ್ರದಲ್ಲಾದರೆ ನೂರು ಮೀನಿನ ನಡುವೆ ಈ ಪೆಟ್ಟು ಹಂಚಿಹೋಗುತ್ತದೆ, ತಡೆಯದಿದ್ದರೆ ಪಕ್ಕದ ಹವಳಕ್ಕೆ ಓಡಿಹೋಗಬಹುದು. ನನ್ನ ತೊಟ್ಟಿಯಲ್ಲಿ ಓಡಿದರೆ ಎಲ್ಲಿಗೆ? ನಾಲ್ಕು ಅಡಿಯಾಚೆ ಗಾಜು.

ಅತಿ ಚಿಕ್ಕ ಮೀನು ಫಿಲ್ಟರಿನ ಕೊಳವೆಯ ಹಿಂದೆ ನಿಲ್ಲಲು ತೊಡಗಿತು. ಆಹಾರ ಹಾಕಿದಾಗಲೂ ಹೊರಬರಲಿಲ್ಲ. ನಾನು ನಾಚಿಕೆ ಸ್ವಭಾವ ಅಂದುಕೊಂಡೆ! ಹದಿನೈದು ದಿನದಲ್ಲಿ ಅದು ಸತ್ತಿತು. ಆರು ಉಳಿದವು. ಈಗ ಆರರಲ್ಲಿ ಚಿಕ್ಕದು ಯಾವುದೋ ಅದು ಕೊಳವೆಯ ಹಿಂದೆ ಹೋಗಿ ನಿಂತಿತು. ಆಗ ನನಗೆ ಎದೆ ಧಸಕ್ ಎಂದಿತು. ನೋಟ್‌ಬುಕ್ಕಿನಲ್ಲಿ ತಾರೀಕು ಬರೆಯತೊಡಗಿದೆ. ಆರು, ಐದು, ನಾಲ್ಕು. ಒಂದು ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡಿತು. ಯುರೊನೀಮಾ ಎಂಬ ಏಕಕೋಶ ಪರಾವಲಂಬಿ ಈ ಜಾತಿಯ ಮೀನಿಗೆ ಹಾಗೆ ಹುಣ್ಣು ಮಾಡುತ್ತದೆ, ಬಳಲಿದ ಮೀನಿಗೆ ಬೇಗ ಹತ್ತುತ್ತದೆ. ಅಂದರೆ ಎಲ್ಲವೂ ಜಗಳದಿಂದಲೇ ಸತ್ತವು ಅಂತ ಹೇಳಿದರೆ ಪೂರ್ತಿ ನಿಜವಾಗದು. ಆದರೆ ಸಾಯುವ ಸರದಿ ಮಾತ್ರ ಗಾತ್ರದ ಸರದಿಯಂತೆಯೇ ನಡೆಯಿತು. ಹದಿನಾಲ್ಕು ತಿಂಗಳಲ್ಲಿ ಒಂದೇ ಉಳಿಯಿತು, ಎಲ್ಲಕ್ಕಿಂತ ದೊಡ್ಡದು. ಈ ಮೀನು ಸಾಕಿದ ಹಲವರ ಮನೆಯಲ್ಲಿ ಹೀಗೇ ಒಂದೊಂದಾಗಿ ಕಡಿಮೆಯಾದದ್ದುಂಟು ಎಂದು ಆಮೇಲೆ ತಿಳಿಯಿತು. ತರುವ ಮೊದಲೇ ಕೇಳಬಹುದಿತ್ತು.

"ಮತ್ತೆ ಆರು ತಂದು ಬಿಡಿ ಸರ್" ಎಂದು ಅದೇ ಹುಡುಗಿ ಹೇಳಿದಳು. ತರುವುದಿಲ್ಲ. ಜಾಗ ತನ್ನದೆಂದು ತಿಳಿದಿರುವ ದೊಡ್ಡ ಮೀನಿನ ಮುಂದೆ ಹೊಸಬರಿಗೆ ಉಳಿಗಾಲ ಕಷ್ಟ. ಸಾಕಲೇಬೇಕು ಎನ್ನುವವರು ಇದಕ್ಕಿಂತ ಬಹಳ ಉದ್ದದ ತೊಟ್ಟಿ ಇಡಬೇಕು, ಎಲ್ಲ ಮೀನನ್ನೂ ಒಂದೇ ದಿನ ಒಂದೇ ಗಾತ್ರದ್ದಾಗಿ ಬಿಡಬೇಕು, ಅದಕ್ಕೂ ಮೊದಲು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗ ನೋಡಬೇಕು, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಆಹಾರ ಕೊಡಬೇಕು. ಕರೆಂಟು ಹೋದರೆ ಬ್ಯಾಟರಿಯ ಏರ್ ಪಂಪ್ ಬೇಕೇ ಬೇಕು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿದರೆ, ಸಮುದ್ರದ ನೀರು 7 ಮಿಲಿಗ್ರಾಂ ಕೂಡ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಮೀನು ಎಲ್ಲಿಂದ ಬಂತು ಎಂದು ಕೇಳುವುದೂ ಮುಖ್ಯ. ಫಿಲಿಪೈನ್ಸ್, ಇಂಡೋನೇಷ್ಯಾಗಳಲ್ಲಿ ಹವಳದ ಸಂದಿಗೆ ಸಯನೈಡ್ ದ್ರಾವಣ ಚಿಮುಕಿಸಿ, ಮಂಪರಾದ ಮೀನು ಹಿಡಿದು ಮಾರಿದ ಇತಿಹಾಸ ಉಂಟು. ಮೀನಿನ ಜೊತೆಗೆ ಹವಳವೂ ಹಾಳಾಗುತ್ತದೆ. ನಮ್ಮಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವಿಳಿಞ್ಞಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನು ಮತ್ತು ಹಲವು ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ಹಾಗೆ ಹುಟ್ಟಿದ ಮೀನಾದರೆ ಸಮುದ್ರಕ್ಕೆ ನಷ್ಟವಿಲ್ಲ.

ಹವಳದ ವಿಷಯದಲ್ಲಿ ಮಾತ್ರ ಕೇಳುವುದಕ್ಕೇ ಇಲ್ಲ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ನಮ್ಮ ಸಮುದ್ರದಿಂದ ಒಂದು ತುಂಡು ಎತ್ತಿ ತಂದರೂ ಅಪರಾಧ. ಅದಕ್ಕೇ ನನ್ನ ತೊಟ್ಟಿಯಲ್ಲಿ ಹವಳ ಇಲ್ಲ. ಬಣ್ಣ ಹಚ್ಚದ ಮಣ್ಣಿನ ಕುಡಿಕೆಗಳನ್ನು ಒಡೆದು ಒಂದರ ಮೇಲೊಂದು ಜೋಡಿಸಿದ್ದೇನೆ. ಬ್ಯಾಕ್ಟೀರಿಯಾಗಳಿಗೂ ಅದು ಒಳ್ಳೆಯ ಮನೆ. 1998, 2010, 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿತು. ಉಳಿದದ್ದು ಅಲ್ಲೇ ಇರಲಿ, ಕ್ರೋಮಿಸ್‌ಗಳಿಗೆ ಮಲಗಲು ಬೇಕು.

ನಿಮಗೆ ಹಿಂಡು ನೋಡುವ ಆಸೆ ಇದ್ದರೆ ದುಡ್ಡು ಖರ್ಚು ಮಾಡಬೇಡಿ. ಮನೆಯ ಹತ್ತಿರದ ತೋಡೋ ಕೆರೆಯೋ ಹಳ್ಳವೋ ಸಾಕು. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಸದ್ದು ಮಾಡದೆ ಹತ್ತು ನಿಮಿಷ ಕೂರಿ. ಸಣ್ಣ ಮೀನುಗಳು ಒಂದರಿಂದ ಒಂದು ಎಷ್ಟು ದೂರದಲ್ಲಿವೆ ಎಂದು, ಮೀನಿನ ಮೈಯುದ್ದವನ್ನೇ ಅಳತೆ ಮಾಡಿಕೊಂಡು ಬರೆದಿಡಿ: ಎರಡು ಮೀನುದ್ದ, ಐದು ಮೀನುದ್ದ, ಹೀಗೆ. ಆಮೇಲೆ ಕೊಡೆ ಬಿಚ್ಚಿ ಅದರ ನೆರಳನ್ನು ನೀರಿನ ಮೇಲೆ ಸರಿಸಿ. ಈಗ ಎಷ್ಟು ದೂರ? ಮತ್ತೆ ಮೊದಲಿನಂತೆ ಚದುರಲು ಎಷ್ಟು ನಿಮಿಷ ಬೇಕಾಯಿತು? ನೆರಳನ್ನು ಹತ್ತು ಸಲ ಸರಿಸಿದ ಮೇಲೂ ಹಾಗೇ ಹೆದರುತ್ತವೆಯೇ? ಮೀನನ್ನು ಹಿಡಿಯಬೇಡಿ. ನಮ್ಮ ಚಂದ್ರಗಿರಿ ಹೊಳೆಯಲ್ಲೂ ಇರುವ, ಪಕ್ಕೆಯಲ್ಲಿ ಕೆಂಪು ಪಟ್ಟಿಯ 'ಮಿಸ್ ಕೇರಳ' ಮೀನು ಹಿಂಡಿನಲ್ಲಿ ಓಡಾಡುವಂಥದ್ದು; ಅಕ್ವೇರಿಯಂ ವ್ಯಾಪಾರಕ್ಕೆಂದು ಹಿಡಿದೂ ಹಿಡಿದೂ ಈಗ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿ ಸೇರಿದೆ. ನೀವು ಬರೆದ ಅಂಕಿಗಳನ್ನು ನಿಮ್ಮ ವಿಜ್ಞಾನದ ಟೀಚರ್ ಕೈಯಲ್ಲಿ ಕೊಡಿ. ಕಾಸರಗೋಡಿನ ತೋಡಿನದನ್ನೂ ತಾಳವಾಡಿಯ ಕೆರೆಯದನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆ ನನಗೆ.

ಉಳಿದ ಆ ಒಂದು ಮೀನು ಚೆನ್ನಾಗಿಯೇ ಇದೆ. ರಾತ್ರಿ ಕುಡಿಕೆಯ ಬಾಯಿಯೊಳಗೆ ಹೋಗಿ ಮಲಗುತ್ತದೆ. ನಿನ್ನೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಮೆಲ್ಲಗೆ ಬೆಳಕು ಬಿಟ್ಟು ನೋಡಿದೆ. ನಿದ್ದೆಯಲ್ಲೇ ರೆಕ್ಕೆ ಬಡಿಯುತ್ತಿತ್ತು, ಮಣ್ಣಿನ ಕುಡಿಕೆಗೆ ಗಾಳಿ ಬೀಸುತ್ತ.